ಐದು ಬಿಲ್ಲೆ, ಒಂದು ಕುರ್ಚಿ

ನನ್ನ ಹೆಸರು ಎರಡೇ ಅಕ್ಷರ. ಒತ್ತಕ್ಷರವಿಲ್ಲ, ನಾಲಿಗೆ ತಿರುಗದ ಮಗುವೂ ಹೇಳಬಹುದು. ಆದರೂ ಅದನ್ನು ಒಂದೇ ಸಲಕ್ಕೆ ಸರಿಯಾಗಿ ಕೇಳಿಸಿಕೊಂಡವರನ್ನು ಒಂದು ಕೈಯ ಬೆರಳಲ್ಲಿ ಎಣಿಸಿದರೆ ಇನ್ನೂ ಬೆರಳು ಉಳಿಯುತ್ತವೆ. ಇಲ್ಲಿ ಬರೆದರೆ ಅಚ್ಚಾಗುವಷ್ಟರಲ್ಲಿ ಅದು ಇನ್ನೇನೋ ಆಗಿರುತ್ತದೆ. ಅದಕ್ಕೇ ಬರೆಯುವುದಿಲ್ಲ.

ನಾನು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಸ್ತ್ರಿ ಕೆಲಸದವಳು. ಕಾರ್ಖಾನೆ ಇರುವುದು ನೆಲಮಾಳಿಗೆಯಲ್ಲಿ. ಬಾಯ್ಲರು ಬುಸುಗುಡುತ್ತದೆ, ಒಗೆಯುವ ಡ್ರಮ್ಮುಗಳು ಗುಡುಗುಟ್ಟುತ್ತವೆ, ಹಾಸಿಗೆ ಬಟ್ಟೆ ಒತ್ತುವ ಉರುಳೆ ಕಿರ್ರೆನ್ನುತ್ತದೆ. ನಾವು ಇಪ್ಪತ್ತಮೂರು ಜನ ಹೆಂಗಸರು. ಮಾತಿಗಿಂತ ಕೈಸನ್ನೆಯೇ ಹೆಚ್ಚು.

ಅಲ್ಲಿನ ಹಾಜರಿಯ ಕ್ರಮ ಬಿಲ್ಲೆಯದು. ಬಾಗಿಲ ಪಕ್ಕದ ಹಲಗೆಯ ಮೇಲೆ ಪ್ರತಿಯೊಬ್ಬರ ಹೆಸರು ಹೊಡೆದ ತಗಡಿನ ಬಿಲ್ಲೆ ನೇತಾಡುತ್ತಿರುತ್ತದೆ. ಬೆಳಿಗ್ಗೆ ಅದನ್ನು ತೆಗೆದು ನಿಮ್ಮ ಯಂತ್ರದ ಕೊಕ್ಕೆಗೆ ಹಾಕಬೇಕು, ಸಂಜೆ ಮತ್ತೆ ಹಲಗೆಗೆ. ಬಿಲ್ಲೆ ಹಲಗೆಯಲ್ಲೇ ಉಳಿದರೆ ಆಳು ಬಂದಿಲ್ಲ ಎಂದರ್ಥ. ಮೂರು ದಿನ ಉಳಿದರೆ ವಿಚಾರಣೆ. ಒಮ್ಮೆ ಹೊಡೆದ ಬಿಲ್ಲೆಯನ್ನು ಆ ಆಳು ಕೆಲಸ ಬಿಡುವವರೆಗೆ ತೆಗೆಯುವಂತಿಲ್ಲ.

ಬಿಲ್ಲೆ ಹೊಡೆಯುವವರು ಉಗ್ರಾಣದ ಯಜಮಾನರು. ಅವರನ್ನು ನಾವೆಲ್ಲ ಸ್ಟೋರಣ್ಣ ಅನ್ನುತ್ತೇವೆ. ಕೆಲಸಕ್ಕೆ ಸೇರಿದ ದಿನ ಬಾಯ್ಲರಿನ ಸದ್ದಿನಲ್ಲಿ ನನ್ನ ಹೆಸರು ಕೇಳಿಕೊಂಡು, ಟಕಟಕ ಸುತ್ತಿಗೆ ಬಡಿದು, ಬೇರೆ ಯಾರದೋ ಹೆಸರು ಕೊಟ್ಟರು. ತಪ್ಪಾಗಿದೆ ಅಣ್ಣ ಎಂದೆ. ಮಾರನೆಯ ದಿನ ಇನ್ನೊಂದು ಹೊಡೆದುಕೊಟ್ಟರು, ಅದೂ ನಾನಲ್ಲ. ಮೂರನೆಯ ಸಲ ನನಗೆ ನೆಗಡಿಯಾಗಿತ್ತು, ಹೇಳುವಾಗ ನಡುವೆ ಕೆಮ್ಮಿದೆ. ಅವರು ಕೆಮ್ಮನ್ನೂ ಸೇರಿಸಿ ಹೊಡೆದರು. ನಾಲ್ಕನೆಯದು ಗಂಡಸಿನ ಹೆಸರಾಯಿತು. ಚೀಟಿಯಲ್ಲಿ ಬರೆದುಕೊಡಲೇ ಎಂದು ಕೇಳಿದ್ದಕ್ಕೆ, ನನಗೆ ಕಿವಿ ಇದೆ ಎಂದು ಮುಖ ಊದಿಸಿಕೊಂಡು ಐದನೆಯದನ್ನು ಹೊಡೆದರು. ಅದನ್ನು ನೋಡಿ, ಸರಿಯಾಗಿದೆ ಅಣ್ಣ ಎಂದುಬಿಟ್ಟೆ. ಹಲಗೆಯಲ್ಲಿ ಜಾಗವೂ ಮುಗಿದಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ನಾನು ಐದು ಬಿಲ್ಲೆ ತೆಗೆಯುತ್ತೇನೆ. ಎರಡನೆಯದು ಬೆಳಗಿನ ಸಣ್ಣ ಇಸ್ತ್ರಿ ಯಂತ್ರಕ್ಕೆ, ಐದನೆಯದು ಮಧ್ಯಾಹ್ನದ ದೊಡ್ಡ ಉರುಳೆಗೆ, ಉಳಿದ ಮೂರು ಮೂಲೆಯಲ್ಲಿ ಕೆಟ್ಟು ಕೂತಿರುವ ಯಂತ್ರಕ್ಕೆ. ಕೂಲಿ ಒತ್ತಿದ ಬಟ್ಟೆಯ ಲೆಕ್ಕಕ್ಕೇ ಹೊರತು ಬಿಲ್ಲೆಯ ಲೆಕ್ಕಕ್ಕಲ್ಲ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕನೆಯ ಬಿಲ್ಲೆಗೆ ವರ್ಷಕ್ಕೊಂದು ಗಂಡಸರ ನೀಲಿ ಅಂಗಿ ಬರುತ್ತದೆ, ಅದನ್ನು ನಮ್ಮನೆಯವರು ಹಾಕಿಕೊಳ್ಳುತ್ತಾರೆ. ಸಣ್ಣ ಯಂತ್ರದ ಕಡೆಯವರು ನನ್ನನ್ನು ಎರಡನೆಯ ಹೆಸರಿನಿಂದ ಕರೆಯುತ್ತಾರೆ, ಉರುಳೆಯ ಕಡೆಯವರು ಐದನೆಯದರಿಂದ. ನಾನು ಎರಡಕ್ಕೂ ಹೂಂ ಅನ್ನುತ್ತೇನೆ.

ಹೀಗೇ ಸಾಗುತ್ತಿತ್ತು. ಆದರೆ ಮಂಡಿ ಕೈಕೊಟ್ಟಿತು.

ಇಪ್ಪತ್ತೆರಡು ವರ್ಷ ಒದ್ದೆ ನೆಲದ ಮೇಲೆ ನಿಂತ ಮಂಡಿ. ಡಾಕ್ಟರು ಫೋಟೋ ತೆಗೆಸಿ ನೋಡಿ, ಕೂತು ಮಾಡುವ ಕೆಲಸ ಸಿಕ್ಕರೆ ಮಾಡಿ, ಇಲ್ಲದಿದ್ದರೆ ಈ ವರ್ಷದೊಳಗೆ ಬಿಟ್ಟುಬಿಡಿ ಎಂದರು. ಬಿಡುವ ಹಾಗಿಲ್ಲ. ನಮ್ಮನೆಯವರದು ಬೀಗ ರಿಪೇರಿ ಅಂಗಡಿ, ಅಲ್ಲಿಗೆ ಈಗ ಬರುವವರು ದಾರಿ ಕೇಳುವವರಷ್ಟೇ. ಮನೆ ನಡೆಯುವುದು ನನ್ನ ಕೆಲಸದಿಂದ.

ಇಡೀ ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ಒಂದೇ, ಮೇಸ್ತ್ರಮ್ಮನದು. ಒತ್ತಿದ ಬಟ್ಟೆಯಲ್ಲಿ ಕಲೆ, ತೂತು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು. ಬೆಳಕು ಬೇಕಾದ್ದರಿಂದ ಆ ಕುರ್ಚಿ ಇರುವುದು ನಮಗಿರುವ ಒಂದೇ ಕಿಟಕಿಯ ಪಕ್ಕ. ರಸ್ತೆ ಮಟ್ಟದ ಕಿಟಕಿ, ಹೊರಗಿನವರ ಕಾಲು ಮಾತ್ರ ಕಾಣುತ್ತದೆ. ಅಷ್ಟು ಸಾಕು. ಆ ಮೇಸ್ತ್ರಮ್ಮನಿಗೆ ಆ ತಿಂಗಳು ನಿವೃತ್ತಿ.

ಹೊಸ ಮೇಸ್ತ್ರಮ್ಮನನ್ನು ಆರಿಸುವುದಕ್ಕೂ ಬಿಲ್ಲೆಯೇ. ಇಬ್ಬರ ಹೆಸರನ್ನು ಮ್ಯಾನೇಜರು ಸೂಚಿಸುತ್ತಾರೆ. ಎರಡು ಮೊಳೆಗೆ ಆ ಇಬ್ಬರ ಟವೆಲು ಹಾಕುತ್ತಾರೆ. ಉಳಿದವರು ತಮಗೆ ಬೇಕಾದವರ ಟವೆಲಿನ ಕೆಳಗೆ ಬಿಲ್ಲೆ ನೇತುಹಾಕಬೇಕು. ನಿಂತವರ ಬಿಲ್ಲೆಗೆ ಮಾತ್ರ ಓಟಿಲ್ಲ.

ಮ್ಯಾನೇಜರು ಹೊಸಬರು. ಕಾಗದದಿಂದ ತಲೆ ಎತ್ತದ ಮನುಷ್ಯ. ಯಾವ ಯಂತ್ರದ ಬಟ್ಟೆ ಸರಿಯಿಲ್ಲವೆಂದು ಆಸ್ಪತ್ರೆಯಿಂದ ವಾಪಸು ಬಂದಿಲ್ಲ ಎಂದು ಪುಸ್ತಕ ತೆಗೆದು ನೋಡಿದರು. ಬೆಳಗಿನ ಹೊತ್ತು ಸಣ್ಣ ಯಂತ್ರದಿಂದ ಒಂದೂ ಬಂದಿರಲಿಲ್ಲ, ಮಧ್ಯಾಹ್ನ ಉರುಳೆಯಿಂದ ಒಂದೂ ಬಂದಿರಲಿಲ್ಲ. ಸಂಜೆ ಹಲಗೆಯ ಮೇಲೆ ಎರಡು ಹೆಸರು ಅಂಟಿಸಿದರು. ಎರಡನೆಯವಳು ಮತ್ತು ಐದನೆಯವಳು.

ನನಗೆ ನಗು ಬಂತು. ಕೆಳಗಿನ ಸಾಲು ಓದಿದ ಮೇಲೆ ನಗು ನಿಂತಿತು. ಹಿಂದಿನ ಸಲ ಸೋತವರು ಗೆದ್ದವರ ಜೊತೆ ಜಗಳವಾಡಿ ಕೆಲಸ ಕೆಟ್ಟಿದ್ದರಿಂದ, ಈ ಸಲ ಸೋತವರನ್ನು ನದಿಯಾಚೆಯ ಶಾಖೆಗೆ ವರ್ಗ ಮಾಡಲಾಗುವುದು. ಅಲ್ಲಿ ಕುರ್ಚಿಯೇ ಇಲ್ಲ. ನಾನು ಗೆದ್ದರೂ ಸೋಲುತ್ತಿದ್ದೆ. ಅಲ್ಲಿಗೆ ಹೋಗದಿದ್ದರೆ ಮೂರನೆಯ ದಿನಕ್ಕೆ ವಿಚಾರಣೆ, ವಿಚಾರಣೆ ಶುರುವಾದರೆ ಐದು ಬಿಲ್ಲೆಯೂ ಹೊರಬರುತ್ತವೆ. ಕುರ್ಚಿಯೂ ಹೋಯಿತು, ಕೆಲಸವೂ ಹೋಯಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಎಂದು ಮ್ಯಾನೇಜರ ಕೋಣೆಗೆ ಹೋದೆ. ಅಂದೇ ಇಬ್ಬರ ಸಂದರ್ಶನವೂ ಇತ್ತು.

"ಸಾರ್, ಇಬ್ಬರೂ ನಾನೇ."

ಅವರು ಬರೆಯುತ್ತಲೇ ಇದ್ದರು. "ಇಬ್ಬರೂ ಒಂದೇ ಅನ್ನೋ ಭಾವನೆ ಇದೆಯಲ್ಲ, ಅದು ತುಂಬಾ ಒಳ್ಳೇದಮ್ಮ. ಆದ್ರೆ ಕುರ್ಚಿ ಒಂದೇ. ನೀವು ಸಣ್ಣ ಯಂತ್ರದವರಾ?"

ಹೂಂ ಎಂದೆ. ಯಂತ್ರದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು, ಹೇಳಿದೆ. ಹೊರಗಿರುವವರನ್ನು ಕಳಿಸಿ ಎಂದರು. ಹೊರಗೆ ಬಂದೆ, ಯಾರೂ ಇರಲಿಲ್ಲ, ಮತ್ತೆ ಒಳಗೆ ಹೋದೆ. ಅವೇ ನಾಲ್ಕು ಪ್ರಶ್ನೆ. ಕೊನೆಗೆ, ಈಗ ಹೋದವರ ಬಗ್ಗೆ ನಿಮ್ಮ ಅಭಿಪ್ರಾಯವೇನು, ಮುಚ್ಚುಮರೆ ಇಲ್ಲದೆ ಹೇಳಿ ಎಂದರು.

ನನ್ನ ಬಗ್ಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಕೆಲಸ ಚೆನ್ನಾಗಿ ಮಾಡ್ತಾಳೆ ಸಾರ್. ಆದ್ರೆ ಯಾರು ಏನಂದ್ರೂ ಹೂಂ ಅಂತಾಳೆ. ತಪ್ಪು ಅಂತ ಗೊತ್ತಿದ್ರೂ ಹೂಂ ಅಂತಾಳೆ. ಅದೊಂದು ರೋಗ."

ಅವರು ಅದನ್ನೂ ಬರೆದುಕೊಂಡು, "ಮತ್ತೆ ಆ ಮೂಲೆ ಯಂತ್ರದ ಹತ್ರ ದಿನಾ ಮೂರು ಜನ ಏನು ಮಾಡ್ತಾರೆ?" ಎಂದು ಕೇಳಿದರು.

"ರಿಪೇರಿ ಆಗೋದನ್ನ ಕಾಯ್ತಿದಾರೆ ಸಾರ್."

"ಪಾಪ," ಎಂದರು ಮ್ಯಾನೇಜರು.

ಹರಿದ ಬಟ್ಟೆಗೆ ತೇಪೆ ಹಾಕುವ ಹೊಲಿಗೆ ಅಕ್ಕನಿಗೆ ಒಬ್ಬಳಿಗೇ ಎಲ್ಲವನ್ನೂ ಹೇಳಿಕೊಂಡೆ. ಅವಳು ಬಾಯಲ್ಲಿದ್ದ ಸೂಜಿ ತೆಗೆದು, "ಇದಕ್ಕೆ ಇಷ್ಟು ತಲೆಬಿಸಿ ಯಾಕೆ? ಸೋತವಳು ಮುನಿಸಿಕೊಂಡು ಕೆಲಸ ಬಿಟ್ಟುಬಿಡಲಿ," ಎಂದಳು.

"ಬಿಡೋವಾಗ ಸ್ಟೋರಣ್ಣನ ಮುಂದೆ ನಿಂತು ಸಹಿ ಹಾಕ್ಬೇಕಲ್ಲಕ್ಕ."

"ಹಾಕು. ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಹೆಸರು ಕೇಳಿಸಿಕೊಳ್ಳದವನು ಮುಖ ನೋಡಿರ್ತಾನಾ?"

ಆಯ್ಕೆಯ ದಿನ ಬಂತು. ನನ್ನದೇ ಎರಡು ಟವೆಲು ಎರಡು ಮೊಳೆಗೆ ಬಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಬಿಲ್ಲೆ ಹಾಕಿದರು. ವಾಪಸು ಬರುವಾಗ ಪ್ರತಿಯೊಬ್ಬಳೂ ನನ್ನ ಕೈ ಅದುಮಿ, ನಿನಗೇ ಹಾಕಿದ್ದೇನೆ ಎಂದು ಪಿಸುಗುಟ್ಟಿದಳು. ಇಪ್ಪತ್ತೆರಡು ಜನರೂ ಸುಳ್ಳು ಹೇಳಲಿಲ್ಲ. ಸಣ್ಣ ಯಂತ್ರದ ಕಡೆಯ ಹನ್ನೊಂದು ಎರಡನೆಯವಳಿಗೆ, ಉರುಳೆಯ ಕಡೆಯ ಹನ್ನೊಂದು ಐದನೆಯವಳಿಗೆ. ಅಷ್ಟೂ ಜನ ನನಗೇ ಓಟು ಹಾಕಿ ನನ್ನನ್ನು ನಡುನೀರಿನಲ್ಲಿ ನಿಲ್ಲಿಸಿದ್ದರು.

"ಇನ್ನೂ ಮೂರು ಬಿಲ್ಲೆ ಬಾಕಿ," ಎಂದರು ಸ್ಟೋರಣ್ಣ. "ಆ ರಿಪೇರಿ ಕಾಯೋರದ್ದು. ಎಲ್ಲಿ ಅವರು?"

ಹುಷಾರಿಲ್ಲ, ನನ್ನ ಹತ್ತಿರ ಕೊಟ್ಟು ಕಳಿಸಿದ್ದಾರೆ ಎಂದೆ. ಮೊದಲನೆಯದು, ಕೆಮ್ಮಿನದು, ಗಂಡಸಿನದು, ಮೂರನ್ನೂ ಕೈಯಲ್ಲಿ ಹಿಡಿದುಕೊಂಡು ಎರಡು ಟವೆಲಿನ ಮುಂದೆ ನಿಂತೆ. ಉಳಿದ ಜೀವನಕ್ಕೆ ಯಾವ ತಪ್ಪು ಹೆಸರು ಎಂದು ಆರಿಸಬೇಕಿತ್ತು. ಐದನೆಯ ಬಿಲ್ಲೆಯ ಅಂಚು ಚೂಪು, ಬಟ್ಟೆಗೆ ಸಿಕ್ಕಿ ನೂಲು ಎಳೆಯುತ್ತದೆ. ಮೂರನ್ನೂ ಎರಡನೆಯವಳಿಗೆ ಹಾಕಿದೆ.

ಮಾರನೆಯ ದಿನ ಐದನೆಯವಳು ಮುನಿಸಿಕೊಂಡು ಕೆಲಸ ಬಿಟ್ಟಳು.

ಬೀಳ್ಕೊಡುಗೆ ಇಟ್ಟುಕೊಳ್ಳಲೇಬೇಕೆಂದು ಮ್ಯಾನೇಜರು ಹಟ ಹಿಡಿದರು. ಊಟದ ಬೆಂಚು ಸರಿಸಿ, ಬಾಯ್ಲರು ಹತ್ತು ನಿಮಿಷ ನಿಲ್ಲಿಸಿದರು. ಐದನೆಯವಳು ಎಷ್ಟು ನಿಷ್ಠೆಯವಳು ಎಂದು ಮ್ಯಾನೇಜರು ತಲೆ ಎತ್ತದೆ ಓದಿದರು. ಆಮೇಲೆ, ಹೊಸ ಮೇಸ್ತ್ರಮ್ಮ ತಮ್ಮ ಎದುರಾಳಿಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಲಿ ಎಂದರು. ನಾನು ಎದ್ದು ನಿಂತು, ಅವಳು ಯಾರಿಗೂ ತೊಂದರೆ ಕೊಟ್ಟವಳಲ್ಲ, ಎಲ್ಲಿದ್ದರೂ ಮಂಡಿ ನೋಯದಿರಲಿ ಎಂದೆ. ಉರುಳೆಯ ಕಡೆಯವರು ನನ್ನನ್ನೇ ನೋಡುತ್ತ ಮೂಗು ಒರೆಸಿಕೊಂಡರು. ಹೋಗುವವಳು ಎಲ್ಲಿಗೆ ಹೋಗುತ್ತಾಳೆಂದು ಒಬ್ಬರೂ ಕೇಳಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂತು, ಯಾಕೆಂದು ನನಗೆ ಗೊತ್ತಿಲ್ಲ.

ಉಗ್ರಾಣಕ್ಕೆ ಹೋದೆ. ಸ್ಟೋರಣ್ಣ ಬಿಡುವವರ ಪುಸ್ತಕ ತೆಗೆದು, ಪೆನ್ನನ್ನು ನನ್ನ ಕಡೆ ತಿರುಗಿಸಿದರು.

"ಸೇರೋವಾಗ ಹೆಸರು ನಾನು ಬರೀತೀನಿ. ಬಿಡೋವಾಗ ನೀವೇ ಬರೀಬೇಕು. ಆಮೇಲೆ ನಾನು ಹಾಗೆ ಹೇಳೇ ಇರಲಿಲ್ಲ ಅಂತ ಯಾರೂ ತಕರಾರು ಮಾಡಬಾರದಲ್ಲ."

ಬಾಯ್ಲರು ಇನ್ನೂ ಶುರುವಾಗಿರಲಿಲ್ಲ. ಐದನೆಯವಳ ಹೆಸರು ಬರೆಯಬೇಕೆಂದೇ ಬಗ್ಗಿದೆ, ಸತ್ಯವಾಗಿ. ಆದರೆ ಆ ಕಾರ್ಖಾನೆಯಲ್ಲಿ ನನ್ನ ಕೈಗೆ ಯಾರೂ ಪೆನ್ನು ಕೊಟ್ಟಿರಲಿಲ್ಲ. ಕೈ ತನಗೆ ಗೊತ್ತಿದ್ದನ್ನೇ ಬರೆಯಿತು. ಎರಡೇ ಅಕ್ಷರ, ಗುಂಡಗೆ.

ಸ್ಟೋರಣ್ಣ ಪುಸ್ತಕ ತಿರುಗಿಸಿಕೊಂಡು ಓದಿದರು. ಬಿಲ್ಲೆ ನೋಡಿದರು. ಮತ್ತೆ ಓದಿದರು. ಆಮೇಲೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು. ಕುರ್ಚಿ ಕಾಲ ಕೆಳಗಿಂದ ಸರಿದ ಹಾಗಾಯಿತು.

"ಇದಾ ನಿನ್ನ ಹೆಸರು?"

"ಹೂಂ ಅಣ್ಣ."

"ಇಷ್ಟು ಸುಲಭದ್ದಾ? ಮೊದಲೇ ಹೇಳಬಾರದಿತ್ತಾ?"

ಅವರು ಐದನೆಯ ಬಿಲ್ಲೆಯನ್ನು ಇಕ್ಕಳದಿಂದ ಎರಡಾಗಿ ಮಡಚಿ ಡಬ್ಬಿಗೆ ಹಾಕಿದರು. ಬಾಗಿಲಾಚೆ ಯಂತ್ರಗಳ ಕೊಕ್ಕೆಯಲ್ಲಿ ಉಳಿದ ನನ್ನ ನಾಲ್ಕನ್ನು ದಿಟ್ಟಿಸಿದರು. ಅದನ್ನೆಲ್ಲ ಸರಿಮಾಡಲು ಹೊರಟರೆ ತಮ್ಮ ಕಿವಿಯ ವಿಚಾರವೂ ಹೊರಬರುತ್ತದೆಂದು ಅವರಿಗೂ ಹೊಳೆದಿರಬೇಕು. ಗೇಟಿಗೆ ಕಳಿಸುವ ಚೀಟಿಯಲ್ಲಿ ನನ್ನ ಹೆಸರನ್ನು ನೋಡಿ ನೋಡಿ ನಕಲು ಮಾಡಿದರು. ಒಂದು ತಪ್ಪಿಲ್ಲ.

"ಬಿಟ್ಟು ಹೋದವರ ಹೆಸರು ತಪ್ಪಾಗಬಾರದು," ಎಂದರು. "ನಡಿ ಮೇಸ್ತ್ರಮ್ಮ, ಬಟ್ಟೆ ಕಾಯ್ತಿದೆ."

ಈಗ ನಾನು ಕಿಟಕಿಯ ಪಕ್ಕ ಕೂತಿದ್ದೇನೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ, ಬಟ್ಟೆಯಾಚೆ ಕಾಲುಗಳು ಓಡಾಡುತ್ತವೆ. ಒಂದು ವಾರದಲ್ಲಿ ಮಂಡಿ ಎಷ್ಟು ಸುಮ್ಮನಾಯಿತೆಂದರೆ, ಅದಕ್ಕೆ ಸುತ್ತುವ ಪಟ್ಟಿಯನ್ನು ಒಂದು ದಿನ ಮನೆಯಲ್ಲೇ ಮರೆತು ಬಂದೆ.

ಅದೇ ದಿನ ಮಧ್ಯಾಹ್ನ, ಕಿಟಕಿಗೆ ಅಂಟಿದಂತಿರುವ ಗೇಟಿನ ಹತ್ತಿರ ಎರಡು ಕಾಲು ಬಂದು ನಿಂತವು. ಎಡ ಚಪ್ಪಲಿಯ ಉಂಗುಷ್ಟಕ್ಕೆ ತಂತಿ ಸುತ್ತಿತ್ತು, ಬೀಗ ರಿಪೇರಿಯವರ ಕೈಕೆಲಸ. ನಮ್ಮನೆಯವರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ, ನನ್ನನ್ನು ಇವಳೇ ಎಂದು ಕರೆದದ್ದು ಬಿಟ್ಟರೆ ಹೆಸರು ಹಿಡಿದವರಲ್ಲ. ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನವೂ ನನಗಿತ್ತು.

ಯಾರು ಬೇಕು ಎಂದು ಗೇಟಿನವನು ಕೇಳಿದ. ಕಾಲುಗಳು ಸ್ವಲ್ಪ ತಡವರಿಸಿದವು. ಆಮೇಲೆ ಅವರು ನನ್ನ ಹೆಸರು ಹೇಳಿದರು. ಮೆಲ್ಲಗೆ, ಸರಿಯಾಗಿ. ಗೇಟಿನವನು ಒಂದೇ ಸಲಕ್ಕೆ ಕೇಳಿಸಿಕೊಂಡು, ಚೀಟಿ ನೋಡಿ, ಅಷ್ಟೇ ಸರಿಯಾಗಿ ಹೇಳಿದ.

"ಅವರು ಕೆಲಸ ಬಿಟ್ಟು ಹೋದರಲ್ಲ. ಹೋದ ವಾರವೇ."

ಕಾಲುಗಳು ಅಲ್ಲೇ ನಿಂತುಬಿಟ್ಟವು. ಅವರಿಗೆ ಈ ಬಿಲ್ಲೆಯ ರಾಮಾಯಣ ಹೇಳಿರಲಿಲ್ಲ. ನಾನು ಕಿಟಕಿಯ ಚಿಲಕ ತೆಗೆದೆ.

"ಹೌದ್ರೀ, ಹೋದಳು ಪಾಪ. ನಾನು ಇಲ್ಲಿ ಮೇಸ್ತ್ರಮ್ಮ. ಪಟ್ಟಿ ನನ್ನ ಹತ್ರ ಕೊಡಿ, ಸಿಕ್ಕಿದಾಗ ತಲುಪಿಸ್ತೀನಿ."

ಅವರು ನೀಲಿ ಅಂಗಿಯಲ್ಲಿ ಬಗ್ಗಿ, ತಲೆಕೆಳಗಾಗಿ ನನ್ನ ಮುಖವನ್ನೇ ನೋಡಿದರು. ಬೀಗ ಯಾಕೆ ತೆರೆಯುತ್ತಿಲ್ಲ ಎಂದು ನೋಡುವ ಹಾಗೆ ನೋಡಿದರು. ಆಮೇಲೆ ಪಟ್ಟಿಯನ್ನು ಸರಳಿನ ನಡುವೆ ತೂರಿಸಿದರು.

"ತಲುಪಿಸಿ ಮೇಸ್ತ್ರಮ್ಮ," ಎಂದರು. "ಹಾಗೇ, ಸಂಜೆ ಬರ್ತಾ ಸೋಪು ತಗೊಂಡು ಬಾ ಅಂತ ಹೇಳಿ ಅವಳಿಗೆ."

ಹೂಂ ಎಂದೆ.