ಎಂಜಿನ್ನಿನ ಬಿಳಿ ಹಿಟ್ಟು

ತೊಕುಝೊ ಈ ಚಳಿಗಾಲ ದಾಟುವುದಿಲ್ಲವೆಂಬ ಸಂಗತಿ ತೊಕುಝೊನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಹೆಂಡತಿ ಕಿನುಯೊಗೆ ಗೊತ್ತಿತ್ತು, ಸಪ್ಪೊರೊದಲ್ಲಿದ್ದ ಮಗಳಿಗೆ ಗೊತ್ತಿತ್ತು, ಹಳೆಯ ಗೆಳೆಯ ಇವಾವೊಗೆ ಗೊತ್ತಿತ್ತು. ಬೀದಿ ಕೊನೆಯ ತೋಫು ಅಂಗಡಿಯವಳಿಗೂ ಗೊತ್ತಿತ್ತು. ಸಾಯುವವನಿಗೆ ಸಾವಿನ ಸುದ್ದಿ ಮುಟ್ಟಿಸುವುದು ಅಲ್ಲಿ ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಆ ಶರತ್ಕಾಲ ಟೋಕಿಯೊದಲ್ಲಿ ಚಕ್ರವರ್ತಿಯೇ ಹಾಸಿಗೆ ಹಿಡಿದಿದ್ದ. ಅವನ ರೋಗದ ಹೆಸರನ್ನೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಂದು ಮದುವೆಗೆ ಸಾವಿರ ಸುಳ್ಳು ಹೇಳಬಹುದಂತೆ. ಒಂದು ಸಾವಿಗೆ ಎಷ್ಟು ಹೇಳಬಹುದೆಂದು ಯಾರೂ ಗೊತ್ತುಮಾಡಿದಂತಿಲ್ಲ.

ತೊಕುಝೊಗೆ ಹೇಳಿದ್ದು ಇಷ್ಟೇ: ಎದೆಯಲ್ಲಿ ನೀರು ನಿಂತಿದೆ, ವಸಂತಕ್ಕೆ ಸರಿಹೋಗುತ್ತದೆ. ಅವನು ನಂಬಿದ್ದ. ಅವನಿಗಿದ್ದ ಆಸೆ ಒಂದೇ, ಪಾರ್ಕಿನಲ್ಲಿ ನಿಲ್ಲಿಸಿರುವ ದೆಗೊಯಿಚಿಯನ್ನು ಒಮ್ಮೆ ನೋಡಬೇಕು. ಕಲ್ಲಿದ್ದಲು ಹೊತ್ತು ಘಟ್ಟ ಹತ್ತುತ್ತಿದ್ದ ಆ ಉಗಿ ಎಂಜಿನ್ನನ್ನು ಇವಾವೊ ಓಡಿಸುತ್ತಿದ್ದ. ಶೆಡ್ಡಿನಲ್ಲಿ ಅದರ ತಗಡು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ತೊಡಿಸುತ್ತಿದ್ದವನು ತೊಕುಝೊ. ಉಗಿಯ ಕಾಲ ಮುಗಿದ ಮೇಲೆ ಊರವರು ಅದನ್ನು ಉಯ್ಯಾಲೆಗಳ ಪಕ್ಕ ಮಕ್ಕಳು ಹತ್ತಿ ಇಳಿಯಲೆಂದು ನಿಲ್ಲಿಸಿದ್ದರು.

ಹೊರಡುವಾಗ ಕಿನುಯೊ ಇವಾವೊನನ್ನು ಅಡಿಗೆಮನೆಗೆ ಕರೆದಳು.

"ಕರ್ಕೊಂಡು ಹೋಗಿ, ಬೇಡ ಅನ್ನಲ್ಲ. ಆದ್ರೆ ಬಾಯಿ ಭದ್ರ, ಇವಾವೊ ಸಾನ್. ನಿಮ್ಮ ಹೊಟ್ಟೇಲಿ ಒಂದು ಮಾತೂ ಉಳಿಯಲ್ಲ."

"ಆಣೆ ಇಟ್ಟು ಹೇಳ್ತೀನಿ ತಂಗಿ, ನನ್ನ ಬಾಯಿಂದ ಬರಲ್ಲ."

"ಅವರು ನಗ್‌ನಗ್ತಾ ಹೋಗ್ಲಿ. ನಂಗೆ ಅಷ್ಟೇ ಸಾಕು," ಎಂದು ಅವಳು ಅನ್ನದ ಉಂಡೆಗಳ ಗಂಟನ್ನು ಅವನ ಕೈಗಿಟ್ಟಳು.

ಕಾರಿನಲ್ಲಿ ತೊಕುಝೊ ಗೆಲುವಾಗಿದ್ದ. "ಅಷ್ಟು ದೊಡ್ಡ ಎಂಜಿನ್ ಓಡ್ಸಿದೋನು, ಈ ಡಬ್ಬಿಗೆ ಹಿಂಗ್ ಹೆದರ್ತೀಯಲ್ಲೋ!"

"ಅದಕ್ಕೆ ಹಳಿ ಇತ್ತು ಕಣೋ. ಇಲ್ಲಿ ಎಲ್ಲಾ ನಾನೇ ತಿರುಗಿಸ್ಬೇಕು."

ತೊಕುಝೊ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಇವಾವೊ ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದ.

ಪಾರ್ಕಿನಲ್ಲಿ ಎಂಜಿನ್ ಕಾಣಲಿಲ್ಲ. ಅದಿರಬೇಕಾದ ಕಡೆ ದಪ್ಪ ಪ್ಲಾಸ್ಟಿಕ್ಕಿನ ದೊಡ್ಡ ಡೇರೆ ಇತ್ತು. ಸುತ್ತ ಬೇಲಿ. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟ, ಮುಖಕ್ಕೆ ರಬ್ಬರಿನ ಮುಸುಕು ಬಿಗಿದ ಇಬ್ಬರು ಒಳಗಿನಿಂದ ಹೊರಬಂದರು. ತನ್ನ ಬಾಯನ್ನು ಕಾಯುವುದರಲ್ಲೇ ಮುಳುಗಿದ್ದ ಇವಾವೊ, ಪಾರ್ಕು ತೆರೆದಿದೆಯೇ ಎಂದು ಯಾರನ್ನೂ ಕೇಳಿರಲಿಲ್ಲ.

"ಬಣ್ಣ ಹೊಡೀತಿದಾರೆ ಅಂತ ಕಾಣ್ಸುತ್ತೆ. ಮುಂದಿನ ವಾರ ಬರೋಣ, ನಡಿ."

"ಬಣ್ಣ ಹೊಡೆಯೋಕೆ ಚಂದ್ರನ ಮೇಲೆ ಇಳಿಯೋರ ವೇಷ ಯಾಕೋ?" ಎಂದ ತೊಕುಝೊ ಬೇಲಿಯ ಬಳಿ ಹೋಗಿ ಅಲ್ಲಿದ್ದ ಫಲಕವನ್ನು ಗಟ್ಟಿಯಾಗಿ ಓದಿದ. "ಕಲ್ನಾರು (ಆಸ್ಬೆಸ್ಟಾಸ್) ತೆಗೆಯುವ ಕೆಲಸ ನಡೆದಿದೆ. ಇದರ ದೂಳಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಬೇಲಿ ದಾಟಬೇಡಿ."

ಗೆಳೆಯನ ಕ್ಯಾನ್ಸರಿಗೆ ಕಾರಣ ಇದೆಂದು ಆ ಗಳಿಗೆಯವರೆಗೆ ಇವಾವೊಗೂ ಗೊತ್ತಿರಲಿಲ್ಲ. ಡಾಕ್ಟರು ರೋಗದ ಹೆಸರು ಹೇಳಿದ್ದರೇ ಹೊರತು ಅದು ಎಲ್ಲಿಂದ ಬಂತೆಂದು ಹೇಳಿರಲಿಲ್ಲ.

ಮುಸುಕಿನವನೊಬ್ಬ ಪ್ಲಾಸ್ಟಿಕ್ ಚೀಲವೊಂದನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಹಿಡಿದ ಹಾಗೆ, ಜೋಪಾನವಾಗಿ ಹೊತ್ತು ತಂದ. ಒಳಗೆ ಬೆಳ್ಳಗಿನ ಹೆಂಟೆಗಳು.

"ಅದು ನಾನು ಮೆತ್ತಿದ್ದು," ಎಂದ ತೊಕುಝೊ. "ಬಕೀಟಲ್ಲಿ ನೀರು ಹಾಕಿ, ಹಿಟ್ಟು ನಾದ್ದಂಗೆ ನಾದಿ, ಬರಿಗೈಲಿ ಬಾಯ್ಲರ್ ಹೊಟ್ಟೆಗೆ ಬಡೀತಿದ್ವಿ. ಮಧ್ಯಾಹ್ನ ಆ ಮೂಟೆ ಮೇಲೇ ಮಲಗ್ತಿದ್ವಿ, ಬೆಚ್ಚಗಿರ್ತಿತ್ತು. ನೀನು ಬಂದು ನನ್ನ ಹುಬ್ಬು ನೋಡಿ, ಮುದುಕ ಆಗ್ಬಿಟ್ಯಲ್ಲೋ ಅಂತ ನಗ್ತಿದ್ದೆ."

ತೊಕುಝೊ ತಿರುಗಿ ಇವಾವೊನ ಮುಖ ನೋಡಿದ. ನೋಡುತ್ತಲೇ ಇದ್ದ.

"ಹಂಗಾದ್ರೆ ನನ್ನ ಎದೇಲಿರೋದು ನೀರಲ್ಲ."

ಬೇಕಾದಷ್ಟು ಸುಳ್ಳುಗಳನ್ನು ಇವಾವೊ ಸಿದ್ಧಮಾಡಿಕೊಂಡಿದ್ದ. ಈ ಫಲಕದ ಮುಂದೆ ನಿಲ್ಲುವಂಥದ್ದು ಅವುಗಳಲ್ಲಿ ಒಂದೂ ಇರಲಿಲ್ಲ.

"ಕಿನುಯೊಗೆ ಗೊತ್ತಾ?"

"ಗೊತ್ತು. ಕ್ಯಾನ್ಸರ್ ಅಂತ ಗೊತ್ತು. ಇದರಿಂದ ಅಂತ ಗೊತ್ತಿಲ್ಲ."

ಅವನು ಅಳುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದು ಇವಾವೊ ಕಾದ. ತೊಕುಝೊ ಬೇಲಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಸಂಜೆ ಮನೆಗೆ ಹೋದ್ರೆ ಮೈಯೆಲ್ಲಾ ಬಿಳಿ ಇರ್ತಿತ್ತು. ಬಾಗಿಲಲ್ಲಿ ನನ್ನ ಕೋಟು ಯಾರು ಕೊಡವ್ತಿದ್ರು, ಹೇಳು? ಕೊಡವಿ, ಬಡಿದು, ಕೈಯಾರೆ ಉಜ್ಜಿ ಒಗೀತಿದ್ಲು. ಪ್ರತಿ ದಿನ."

"ಅವಳನ್ನೂ ಡಾಕ್ಟರ ಹತ್ರ ತೋರಿಸೋಣ," ಎಂದ ಇವಾವೊ.

"ತೋರ್ಸಿ? ನನಗೇನು ಕಿಸಿದ್ರು ಅವರು? ಸುಳ್ಳು ಹೇಳಿ ಕಳಿಸಿದ್ರು. ಅವಳಿಗೂ ಬಂದಿದ್ರೆ ಬಂದಿದೆ, ಇಲ್ದಿದ್ರೆ ಇಲ್ಲ. ಎರಡರಲ್ಲೂ ಅವಳು ಹೆದರ್ಕೊಂಡು ಬದುಕೋದು ಬೇಡ. ಈ ಬೋರ್ಡಿನ ವಿಷ್ಯ ಅವಳ ಕಿವಿಗೆ ಬೀಳ್ಬಾರ್ದು. ಆಣೆ ಇಡು."

ಇವಾವೊ ಆಣೆ ಇಟ್ಟ. ಅದೇ ದಿನ ಅದೇ ಮನೆಯವರಿಗೆ ಎರಡನೆಯ ಆಣೆ. ಅನ್ನದ ಉಂಡೆಗಳನ್ನು ಇಬ್ಬರೂ ಮುಟ್ಟಲಿಲ್ಲ.

ಮನೆಯ ಬಾಗಿಲಲ್ಲಿ ಕಿನುಯೊ ಕಾದಿದ್ದಳು. "ಹೇಗಿತ್ತು ರೀ, ನಿಮ್ಮ ದೆಗೊಯಿಚಿ?"

"ಹೆಂಗಿರತ್ತೆ? ಕರ್ರಗೆ ಮಿರಮಿರ ಮಿಂಚ್ತಿತ್ತು," ಎಂದ ತೊಕುಝೊ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಇವಾವೊಗೆ ನಿರಾಳವಾಯಿತು.

"ಭುಜದ ಮೇಲೇನೋ ಬೆಳ್ಳಗಿದೆ," ಎನ್ನುತ್ತ ಕಿನುಯೊ ಗಂಡನ ಕೋಟು ಕೊಡವಲು ಕೈಯೆತ್ತಿದಳು.

"ಮುಟ್ಬೇಡ!"

ತೊಕುಝೊ ಹೆಂಡತಿಯ ಮೇಲೆ ದನಿಯೆತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು. ಅವಳು ಗಂಡನ ಮುಖ ನೋಡಿದಳು, ಆಮೇಲೆ ಇವಾವೊನತ್ತ ತಿರುಗಿದಳು. ಅವಳ ತುಟಿ ಬಿಳಿಚಿತ್ತು.

"ಹೇಳ್ಬಿಟ್ರಾ?"

ಇಲ್ಲವೆಂದರೆ ಮತ್ತೆ ಹೇಗೆ ಗೊತ್ತಾಯಿತೆಂದು ಅವಳು ಕೇಳುತ್ತಾಳೆ. ಕೇಳುತ್ತ ಕೇಳುತ್ತ ಆ ಬೇಲಿಯವರೆಗೂ ಹೋಗುತ್ತಾಳೆ.

"ಹೇಳ್ಬಿಟ್ಟೆ ತಂಗಿ," ಎಂದ ಇವಾವೊ. "ಬಾಯಿ ತಡೀಲಿಲ್ಲ."

"ನಿಮ್ಮನ್ನ ಒಡಹುಟ್ಟಿದೋರು ಅಂದ್ಕೊಂಡಿದ್ದೆ." ಅವಳು ಅಳಲಿಲ್ಲ. "ಇನ್ಮೇಲೆ ಈ ಹೊಸ್ತಿಲು ತುಳೀಬೇಡಿ. ಇವರು ಹೋದಾಗಲೂ ಬರ್ಬೇಡಿ."

ಇವಾವೊ ನಡು ಬಗ್ಗಿಸಿ ತಲೆ ತಗ್ಗಿಸಿದ. ತೊಕುಝೊ ಕೋಟನ್ನು ತಾನೇ ಬಿಚ್ಚಿ, ಅವಳಿಗೆ ತಾಗದಂತೆ ಮಡಚಿ, ಗೆಳೆಯನ ಕೈಗೆ ತುರುಕಿದ.

"ನಿನ್ನ ಕಾರಿನ ವಾಸ್ನೆ ಹೊಡೀತಿದೆ. ತಗೊಂಡು ಹೋಗು," ಎಂದು ಒರಟಾಗಿ ಹೇಳಿದ. ಅವನ ಕಣ್ಣು ಮಾತ್ರ ಇವಾವೊನ ಮುಖ ಬಿಟ್ಟು ಕದಲಲಿಲ್ಲ. ಬಾಗಿಲು ಎಳೆದವಳು ಕಿನುಯೊ.