ಮೊದಲ ಮೂರು ರೀಲು

ಚೌಡಕ್ಕ ಯಾವ ಸಿನಿಮಾವನ್ನೂ ಮೊದಲ ಅರ್ಧ ಗಂಟೆಗಿಂತ ಹೆಚ್ಚು ನೋಡುತ್ತಿರಲಿಲ್ಲ. ಕಥೆ ಕುದುರಿಕೊಂಡು, ನಾಯಕಿಯ ಕಣ್ಣಂಚಿನಲ್ಲಿ ಮೊದಲ ಹನಿ ಮೂಡುವ ಹೊತ್ತಿಗೆ ಸರಿಯಾಗಿ, "ಸಾಕು ಕಣಮ್ಮ, ಇಲ್ಲಿಂದ ಮುಂದುಕ್ಕೆ ನಂಗೊತ್ತು" ಎಂದು ಕುರ್ಚಿ ಹಿಂದಕ್ಕೆ ಸರಿಸಿ ಎದ್ದುಬಿಡುತ್ತಿದ್ದಳು. ಹಿಂದೂಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂರು ಕಂಪ್ಯೂಟರುಗಳ ನೆಟ್ ಸೆಂಟರ್ ನಡೆಸುತ್ತಿದ್ದ ಅವಳ ತಂಗಿಯ ಮಗಳು ಶ್ರೀವಾಣಿಗೆ ದೊಡ್ಡಮ್ಮನ ಹಲವು ಹಟಗಳಲ್ಲಿ ಮೈ ಉರಿಸುತ್ತಿದ್ದದ್ದು ಇದೇ. 2009ರ ಆ ದಿನಗಳಲ್ಲಿ ಯಾರೋ ಪುಣ್ಯಾತ್ಮರು ಹಳೆಯ ಚಿತ್ರಗಳನ್ನು ಹತ್ತು ಹತ್ತು ನಿಮಿಷಗಳ ತುಂಡು ಮಾಡಿ ನೆಟ್‌ಗೆ ಏರಿಸುತ್ತಿದ್ದರು. ಒಂದು ತುಂಡು ಪೂರ್ತಿ ಇಳಿದು ಬರುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದು ಆರುತ್ತಿತ್ತು. ಅಷ್ಟು ಕಾಯಿಸಿ, ಹದಿನಾರು ತುಂಡುಗಳಲ್ಲಿ ಮೂರನ್ನೇ ನೋಡಿ ಎದ್ದುಹೋಗುವವಳನ್ನು ಏನೆನ್ನಬೇಕೆಂದು ಶ್ರೀವಾಣಿಗೆ ತಿಳಿಯುತ್ತಿರಲಿಲ್ಲ.

ಕಾರಣವೇನೋ ಇತ್ತು. ಕಲ್ಯಾಣದುರ್ಗದ ತಗಡಿನ ಟಾಕೀಸಿನಲ್ಲಿ ಚೌಡಕ್ಕ ಮೂವತ್ತೆರಡು ವರ್ಷ ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿದವಳು. ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು ಸೇರಿದ ಕೆಲಸ. ಟಾಕೀಸು ಮುಚ್ಚಿದ ದಿನ ಬಿಟ್ಟು, ಹಿಂದೂಪುರಕ್ಕೆ ಬಂದು ತಂಗಿಯ ಮನೆ ಸೇರಿದಳು. ತಡವಾಗಿ ಬರುವ ಹೆಂಗಸರೆಲ್ಲ ಒಳಗೆ ಹೋದ ಮೇಲೆ, ಹರಿದ ತುಂಡುಗಳನ್ನು ಮ್ಯಾನೇಜರಿಗೆ ಒಪ್ಪಿಸಿ, ಅವಳು ಪರದೆ ಸರಿಸಿ ಒಳಗೆ ಕಾಲಿಡುವಾಗ ಮೂರು ರೀಲು ಓಡಿಹೋಗಿರುತ್ತಿತ್ತು. ಎರಡನೆಯ ಆಟಕ್ಕೂ ಅದೇ ಗೇಟು, ಅದೇ ಕಾವಲು. ಹಾಗಾಗಿ ನೂರಾರು ಚಿತ್ರಗಳ ನಡುವೂ ಕೊನೆಯೂ ಅವಳಿಗೆ ಬಾಯಿಪಾಠ, ಒಂದರ ಮೊದಲೂ ಗೊತ್ತಿಲ್ಲ. ಮೊದಲು ಏನಾಯಿತೆಂದು ಪಕ್ಕದವರನ್ನು ಕೇಳಬಹುದಿತ್ತಲ್ಲ ಎಂದು ಶ್ರೀವಾಣಿ ಅಂದದ್ದುಂಟು. "ಗೇಟಿನೋಳು ಟಿಕೆಟ್ ಕೊಟ್ಟೋರ್ನ ಕತೆ ಕೇಳ್ತಾಳಾ?" ಎಂದಷ್ಟೇ ಉತ್ತರ ಬಂದಿತ್ತು.

ಟಾಕೀಸಿನವರು ಕೊಟ್ಟ ಖಾಕಿ ಕೋಟನ್ನು ಅವಳು ಇನ್ನೂ ಸೀರೆಯ ಮೇಲೆ ತೊಡುತ್ತಿದ್ದಳು. ಎದುರಿಗೆ ಯಾರಿಲ್ಲದಿದ್ದರೂ ಎಡಭುಜ ಮುಂದೆ ಮಾಡಿ, ಜನರ ನಡುವೆ ದಾರಿ ಬಿಡಿಸಿಕೊಳ್ಳುವವಳಂತೆ ನಡೆಯುತ್ತಿದ್ದಳು. ಮನೆಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ "ಒಬ್ಬೊಬ್ರೇ, ಒಬ್ಬೊಬ್ರೇ" ಎನ್ನುತ್ತಿದ್ದಳು. ಕೈಗೆ ಸಿಕ್ಕ ಕಾಗದವನ್ನು ಸರಿಯಾಗಿ ಅರ್ಧಕ್ಕೆ ಹರಿದು ಒಂದು ಭಾಗ ಮರಳಿಸುವ ಚಟವಂತೂ ಬಿಟ್ಟಿರಲಿಲ್ಲ. ಕರೆಂಟ್ ಬಿಲ್ಲು, ಮದುವೆಯ ಕರೆಯೋಲೆ, ಒಮ್ಮೆ ಯಾರದೋ ಹಾಲ್ ಟಿಕೆಟ್. ಆ ಹುಡುಗಿಗೆ ಮತ್ತೊಂದು ಪ್ರಿಂಟ್ ತೆಗೆದುಕೊಟ್ಟು ಸಮಾಧಾನ ಮಾಡುವಷ್ಟರಲ್ಲಿ ಶ್ರೀವಾಣಿಯ ಜೀವ ಹಣ್ಣಾಗಿತ್ತು.

ಇಷ್ಟು ಸಾಲದೆಂಬಂತೆ, ಸಿನಿಮಾಕ್ಕೆ ಮೊದಲು ನ್ಯೂಸ್ ರೀಲ್ ಆಗಲೇಬೇಕು. ಟಾಕೀಸಿನಲ್ಲಿ ಅದು ಸರ್ಕಾರದ ನಿಯಮವಾಗಿತ್ತಂತೆ, ನೆಟ್ ಸೆಂಟರಿಗೆ ಆ ನಿಯಮ ಯಾಕಿಲ್ಲವೆಂದು ಅವಳ ವಾದ. ಶ್ರೀವಾಣಿ ಹಲ್ಲು ಕಚ್ಚಿಕೊಂಡು ಯಾವುದೋ ಅಣೆಕಟ್ಟಿನ ಉದ್ಘಾಟನೆ, ಯಾವುದೋ ಪ್ರವಾಹ, ಸ್ವಾತಂತ್ರ್ಯದ ದಿನದ ದೆಹಲಿಯ ಜನಸಾಗರ ಹುಡುಕಿಕೊಡುತ್ತಿದ್ದಳು. ಚೌಡಕ್ಕನ ಕಣ್ಣು ಬಾವುಟದ ಕಡೆಗೂ ಹೋಗುತ್ತಿರಲಿಲ್ಲ, ನಾಯಕರ ಕಡೆಗೂ ಹೋಗುತ್ತಿರಲಿಲ್ಲ. "ನೋಡು, ಹೆಂಗೆ ತಳ್ಳಾಡ್ತಾವ್ರೆ. ಹೆಂಗಸ್ರು ಮಕ್ಕಳು ನಲುಗೋಗ್ತಾವೆ. ಗೇಟಲ್ಲಿ ಒಬ್ರೂ ಇಲ್ವಾ?" ಎಂದು ದೇಶದ ಮೇಲೆಯೇ ಸಿಡುಕುತ್ತಿದ್ದಳು.

ಆ ಜೂನಿನಲ್ಲಿ ಕೆಲಸದ ಅರ್ಜಿಗಳಿಗೆ ಕೊನೆಯ ವಾರ. ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ. ಮೂರನೆಯ ಕಂಪ್ಯೂಟರಿನ ಮುಂದೆ ಮಾತ್ರ ಚೌಡಕ್ಕ ಕದಲದೆ ಕೂತಿದ್ದಳು. ಹಳೆಯ ತೆಲುಗು ಚಿತ್ರ. ರತ್ನಾಂಬ ಎಂಬ ಅಕ್ಕನ ಕಥೆ. ಮೂರು ತುಂಡು ಮುಗಿದವು. ಅವಳು ಏಳಲಿಲ್ಲ. "ಇನ್ನೊಂದ್ಸಲ ಹಾಕು" ಅಂದಳು.

"ದೊಡ್ಡಮ್ಮ, ಜನ ಕಾಯ್ತಾ ಅವ್ರೆ. ಎದ್ದೇಳು."

"ಹಾಕೇ."

ಆ ದನಿಯಲ್ಲಿದ್ದದ್ದು ಹಟವಲ್ಲ. ಶ್ರೀವಾಣಿ ಹಾಕಿದಳು. ಎರಡನೆಯ ಸಲವೂ ನೋಡಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, "ಸೋಮವಾರ ಕಲ್ಯಾಣದುರ್ಗಕ್ಕೆ ಹೋಗ್ಬೇಕು. ನೀನೂ ಬಾ" ಎಂದಳು. ಅರ್ಜಿಯ ವಾರದಲ್ಲಿ ಅಂಗಡಿ ಮುಚ್ಚಿ ಬರಬೇಕೆ ಎಂದು ಶ್ರೀವಾಣಿ ರೇಗಿದಳು, ಬೇಡಿದಳು, ಕಡೆಗೆ ಯಾಕೆಂದು ಕೇಳಿದಳು. ಆಗ ಚೌಡಕ್ಕ ಹೇಳಿದ್ದಿಷ್ಟು.

ಆ ಚಿತ್ರದ ಕೊನೆಗೆ ರತ್ನಾಂಬ ಮಳೆಯಲ್ಲಿ ನೆನೆಯುತ್ತಾ ನಿಂತ ತಮ್ಮನಿಗೆ ಬಾಗಿಲು ತೆಗೆಯುವುದಿಲ್ಲ. ಅವಳೆಂಥ ಕಲ್ಲೆದೆಯವಳೆಂದು ಚೌಡಕ್ಕ ಒಂದು ತಿಂಗಳು, ದಿನಕ್ಕೆರಡು ಆಟ, ಮೈಯೆಲ್ಲ ಉರಿದುಕೊಂಡು ನೋಡಿದ್ದಳು. ಅದೇ ದಿನಗಳಲ್ಲಿ, ಎಪ್ಪತ್ತನಾಲ್ಕನೆಯ ಇಸವಿಯಲ್ಲಿ, ಹೆಂಗಸರ ಗೇಟಿನ ಪಕ್ಕ ಕಳ್ಳೆಕಾಯಿ ಮಾರುತ್ತಿದ್ದ ಪೋಲಮ್ಮ, ಊರಿಂದ ಬಂದ ಒಡಹುಟ್ಟಿದ ಅಣ್ಣ ಮುನೆಪ್ಪನಿಗೆ ಬಾಗಿಲು ತೆಗೆಯಲಿಲ್ಲ. ಅವನು ಟಾಕೀಸಿನ ಜಗಲಿಯ ಮೇಲೆ ಕೂತು ಅತ್ತ. ಮರುದಿನ ಸಂಜೆ, ಟಿಕೆಟ್ಟಿಗೆ ನಿಂತ ಹೆಂಗಸರೆಲ್ಲರ ಎದುರಿಗೆ ಚೌಡಕ್ಕ, "ನೋಡ್ರಮ್ಮ, ಪರದೆ ಮೇಲಿರೋ ರತ್ನಾಂಬ ಇಲ್ಲೇ ಕುಂತವ್ಳೆ" ಎಂದಳು. ಹೆಸರು ಅಂಟಿಕೊಂಡಿತು. ಊರು ಪೋಲಮ್ಮನನ್ನು ರತ್ನಾಂಬ ಎಂದೇ ಕರೆಯತೊಡಗಿತು. ಚೌಡಕ್ಕ ಅವಳೊಡನೆ ಮಾತು ಬಿಟ್ಟಳು.

ಈಗ ಗೊತ್ತಾಗಿತ್ತು: ಮೊದಲ ರೀಲುಗಳಲ್ಲಿ ಆ ತಮ್ಮ, ಕಾಯಿಲೆಯ ತಾಯಿಯನ್ನು ಆಸ್ಪತ್ರೆಯ ಜಗಲಿಯ ಮೇಲೆ ಬಿಟ್ಟು ನಾಟಕದವರ ಹಿಂದೆ ಹೋಗಿದ್ದ. ಸಾಯುವ ತಾಯಿ, ಇದನ್ನು ಯಾರಿಗೂ ಹೇಳಬೇಡವೆಂದು ಮಗಳಿಂದ ಭಾಷೆ ತೆಗೆದುಕೊಂಡಿದ್ದಳು. ಆದ್ದರಿಂದಲೇ ಮುಂದೆಲ್ಲೂ ರತ್ನಾಂಬ ಬಾಯಿ ಬಿಡುವುದಿಲ್ಲ.

"ಅವಳ್ದು ತಪ್ಪಿರ್ಲಿಲ್ಲ ಕಣಮ್ಮ," ಎಂದಳು ಚೌಡಕ್ಕ. "ಸಿನಿಮಾದೋಳ್ದೇ ತಪ್ಪಿಲ್ದಿದ್ ಮೇಲೆ, ಪೋಲಮ್ಮುಂದು ಏನಿತ್ತೋ. ನಾನು ಕೇಳ್ಲೇ ಇಲ್ಲ. ಹೋಗಿ ಕಾಲಿಗೆ ಬಿದ್ದು ಬತ್ತೀನಿ."

ಸೋಮವಾರ ಇಬ್ಬರೂ ಮಡಕಶಿರದಲ್ಲಿ ಬಸ್ಸು ಬದಲಾಯಿಸಿ ಕಲ್ಯಾಣದುರ್ಗ ತಲುಪಿದರು. ದಾರಿಯುದ್ದಕ್ಕೂ ಶ್ರೀವಾಣಿಯ ಫೋನು ಬಡಿದುಕೊಳ್ಳುತ್ತಿತ್ತು. ಅಂಗಡಿ ಯಾಕೆ ತೆಗೆದಿಲ್ಲವೆಂದು ಗಿರಾಕಿಗಳ ದೂರು. ಚೌಡಕ್ಕ ಕಿಟಕಿಯ ಪಕ್ಕ ಕೂತು ತುಟಿಯೊಳಗೇ ಏನೋ ಮಾತು ಜೋಡಿಸುತ್ತಿದ್ದಳು.

ಪೋಲಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹಲ್ಲು ಬಿದ್ದಿದ್ದವು, ಕಣ್ಣು ಚುರುಕಾಗಿಯೇ ಇದ್ದವು. ಮೂವತ್ತೈದು ವರ್ಷದ ಮೌನದ ಬಳಿಕ ಎದುರಿಗೆ ನಿಂತವಳನ್ನು ಒಮ್ಮೆ ನೋಡಿ, "ರಾ ಚೌಡಕ್ಕಾ, ಕುಂತ್ಕೋ. ಕೋಟು ಇನ್ನೂ ಇಟ್ಕಂಡಿದೀಯಾ" ಎಂದಳು.

ಚೌಡಕ್ಕ ಕೂರಲಿಲ್ಲ. ನಿಂತೇ, ಬಸ್ಸಿನಲ್ಲಿ ಜೋಡಿಸಿದ್ದನ್ನೆಲ್ಲ ಹೇಳಿದಳು. ನೆಟ್, ಮೂರು ರೀಲು, ತಾಯಿ, ಭಾಷೆ. ಕೊನೆಗೆ ಬಗ್ಗಿದಳು. ಪೋಲಮ್ಮ ಹುಣಸೆ ಮೆತ್ತಿದ ಕೈಯಿಂದಲೇ ಅವಳ ರಟ್ಟೆ ಹಿಡಿದು ತಡೆದಳು.

"ನಮ್ಮಣ್ಣ ನನ್ನ ಮಗಳನ್ನ ಕರ್ಕಂಡೋಗಾಕೆ ಬಂದಿದ್ದ. ಹನ್ನೆರಡು ವರ್ಷ ಅವಳಿಗೆ. ರೊದ್ದದ ಕಡೆ ಎರಡ್ ಮದುವೆ ಆಗಿದ್ದ ಮುದುಕುಂಗೆ ಮಾತು ಕೊಟ್ಬುಟ್ಟಿದ್ದ. ಬಾಗಿಲು ತೆಗೆದಿದ್ರೆ ಎಳ್ಕಂಡೇ ಹೋಗೋನು. ಇದ್ನ ಯಾರ್ಹತ್ರ ಬಾಯಿಬಿಟ್ಟು ಹೇಳಾನ? ನೀನು ರತ್ನಾಂಬ ಅಂದ್ಬುಟ್ಟೆ. ಅಲ್ಲಿದ್ದ ಹೆಂಗಸ್ರೆಲ್ಲ ಸಿನಿಮಾನ ಮೊದ್ಲಿಂದ ನೋಡಿದ್ರು ಕಣಕ್ಕ. ಒಬ್ರೂ ನನ್ನ ಏನೂ ಕೇಳ್ಲಿಲ್ಲ. ಏನೋ ಇರ್ತದೆ ಅಂತ ಅವರೇ ತಿಳ್ಕಂಡ್ರು. ಅವತ್ತೇ ನಾಕು ಜನ ಬಂದು ನಮ್ಮ ಬಾಗಿಲಲ್ಲಿ ಕುಂತ್ರು. ಆಮೇಲೆ ಅವನು ಈ ಕಡೆ ತಲೆ ಹಾಕ್ಲಿಲ್ಲ."

ಒಳಗಿನಿಂದ ನಲವತ್ತೇಳರ ಹೆಂಗಸೊಬ್ಬಳು ಮೂರು ಲೋಟ ಕಾಫಿ ತಂದಳು. ಅಂಗನವಾಡಿಯ ಸೀರೆ, ಕೊರಳಲ್ಲಿ ಗುರುತಿನ ಚೀಟಿ. "ನನ್ನ ಮಗಳು ಮುನೆಮ್ಮ. ಅವಳೇ," ಎಂದಳು ಪೋಲಮ್ಮ.

ಶ್ರೀವಾಣಿ ಫೋನಿನಲ್ಲಿ ಗಂಟೆ ನೋಡಿಕೊಂಡಳು. ಇಷ್ಟಕ್ಕೆ ಎಲ್ಲ ಮುಗಿಯಿತು, ಇಬ್ಬರೂ ಅತ್ತು ಹಗುರಾಗುತ್ತಾರೆ, ಎರಡು ಗಂಟೆಯ ಬಸ್ಸು ಸಿಗುತ್ತದೆ ಎಂದುಕೊಂಡಳು. ಚೌಡಕ್ಕ ಮುನೆಮ್ಮನನ್ನು ಬಹಳ ಹೊತ್ತು ನೋಡಿದಳು. ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟಳು.

"ನಾನು ಬೈದಿದ್ದು ಅಂತ ನಿಂಗೊತ್ತಿತ್ತಾ?"

"ಗೊತ್ತಿಲ್ದೆ ಏನು. ನೀನು ಒಳಕ್ಕೆ ಬರೋ ಹೊತ್ಗೆ ಮೂರು ರೀಲು ಆಗೋಗಿರ್ತಿತ್ತು ಅಂತ ಊರಿಗೆಲ್ಲ ಗೊತ್ತು."

"ಊರಿಗೆಲ್ಲ ಗೊತ್ತಿತ್ತಾ. ನಂಗ್ಯಾಕೆ ಒಬ್ರೂ ಹೇಳ್ಲಿಲ್ಲ?"

"ನೀನು ಮಕ ಕೊಟ್ಟು ಮಾತಾಡಿದ್ರಲ್ವಾ ಹೇಳೋದು. ಬಿಡು ಅತ್ಲಾಗೆ. ನಾನು ಅವತ್ತೇ ಮರ್ತೆ."

ಆ ಕೊನೆಯ ಮಾತೇ ಎಲ್ಲ ಕೆಡಿಸಿತು. ಚೌಡಕ್ಕನ ಮುಖ ಕೆಂಪಾಯಿತು. ಮೂವತ್ತೈದು ವರ್ಷ ತನ್ನನ್ನು ಹುಚ್ಚಿಯನ್ನಾಗಿ ಮಾಡಿದಿರಿ ಎಂದಳು, ಬಾಯಿದ್ದೂ ಮೂಕಿಯಂತೆ ಕೂತವಳು ನೀನು ಎಂದಳು, ಇಂಥವಳ ಕಾಲಿಗೆ ಬೀಳಲು ಎರಡು ಬಸ್ಸು ಹತ್ತಿ ಬಂದೆನಲ್ಲ ಎಂದಳು. "ಬಾರೇ, ಹೋಗಾಣ" ಎಂದು ಎಡಭುಜ ಮುಂದೆ ಮಾಡಿ ಹೊರಟೇಬಿಟ್ಟಳು. ಪೋಲಮ್ಮ ಬೀಜ ಬಿಡಿಸುತ್ತಾ, "ಮುಂದಿನ ಸೋಮವಾರ ಬತ್ತಾಳೆ ನೋಡು" ಎಂದು ಶ್ರೀವಾಣಿಗೆ ಕಣ್ಣು ಮಿಟುಕಿಸಿದಳು.

ಬಸ್ಸಿನಲ್ಲಿ ಶ್ರೀವಾಣಿ ತಡೆಯಲಾರದೆ ಕೇಳಿದಳು, "ಅವರು ಕ್ಷಮಿಸಿಯೇ ಬಿಟ್ಟವ್ರಲ್ಲ ದೊಡ್ಡಮ್ಮ, ಇನ್ನೇನು ಬೇಕು ನಿಂಗೆ?"

"ನಾನು ಕೇಳೋಕ್ಮುಂಚೆ ಕ್ಷಮಿಸೋಕೆ ಅವಳ್ಯಾರು?" ಎಂದಳು ಚೌಡಕ್ಕ.

ಮುಂದಿನ ಸೋಮವಾರ ಅವಳು ಹೋದಳು. ಅದರ ಮುಂದಿನ ಸೋಮವಾರವೂ ಹೋದಳು. ಹೋಗಿ ಅದೇ ಜಗಳವನ್ನು ಮೊದಲಿಂದ ಆಡಿ, ಊಟ ಮಾಡಿ, ಒಂದು ಗಂಟು ಹುಣಸೆಹಣ್ಣು ಹೊತ್ತು ತರುತ್ತಿದ್ದಳು. ಕಟ್ಟುನಿಟ್ಟಾಗಿ ಬದುಕಿದ ಜನ ತಪ್ಪನ್ನು ಒಪ್ಪುವುದಿಲ್ಲವೆಂದು ನಾವು ಸುಮ್ಮನೆ ಅವರನ್ನು ದೂರುತ್ತೇವೆ. ಒಪ್ಪುತ್ತಾರೆ, ಅದಕ್ಕಾಗಿ ಮಂಡಿನೋವನ್ನೂ ಲೆಕ್ಕಿಸದೆ ಊರು ದಾಟಿ ಹೋಗುತ್ತಾರೆ. ಅವರಿಗೆ ಸಹಿಸಲಾಗದ್ದು ಒಂದೇ: ತಾವು ಕಾವಲಿದ್ದೇವೆಂದುಕೊಂಡ ಲೋಕವೇ ಇಷ್ಟು ಕಾಲ ಸದ್ದಿಲ್ಲದೆ ತಮ್ಮನ್ನು ಸಂಭಾಳಿಸಿಕೊಂಡು ಬಂದಿತ್ತು ಎಂಬ ಸುದ್ದಿ. ಅದನ್ನು ಅರಗಿಸಿಕೊಳ್ಳಲು ಅವರಿಗೆ ಬಹಳ ಜಗಳ ಬೇಕಾಗುತ್ತದೆ. ಆ ಜಗಳಕ್ಕೆ ಬಾಗಿಲು ತೆರೆದಿಟ್ಟು ಕೂರುವ ಒಬ್ಬರು ಸಿಕ್ಕರೆ, ಅವರ ಮುಪ್ಪು ಚೆನ್ನಾಗಿಯೇ ಕಳೆಯುತ್ತದೆ. ಜೊತೆಗಿರುವವರ ಮೈ ಎಷ್ಟು ಉರಿದರೂ.