ಹಗುರ ಗಾಲಿ

ದೇವದುರ್ಗದಿಂದ ಬರುವ ರಕ್ತ ದಾರಿಯಲ್ಲೇ ಒಡೆಯುತ್ತಿದೆ ಎಂದು ಉದಯಕುಮಾರ ಹೇಳಿದಾಗ ಸಿದ್ರಾಮನಿಗೆ ಮೊದಲು ಅರ್ಥವಾಗಲಿಲ್ಲ. ಹಾಲು ಒಡೆಯುವುದು ಗೊತ್ತಿತ್ತು, ಮನೆ ಒಡೆಯುವುದೂ ಗೊತ್ತಿತ್ತು. ರಕ್ತ ಒಡೆಯುವುದನ್ನು ಅವನು ಕೇಳಿರಲಿಲ್ಲ.

ಉದಯಕುಮಾರ ರಾಯಚೂರಿನ ಗಂಜ್ ಹತ್ತಿರ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟವನು. ಅಪ್ಪನ ಅಕ್ಕಿ ಗಿರಣಿ ಅಣ್ಣನ ಪಾಲಿಗೆ ಹೋಗಿ, ತನ್ನ ಪಾಲಿಗೆ ಬಂದ ಮಳಿಗೆಯಲ್ಲಿ ಮಿಷನ್ನುಗಳನ್ನು ತಂದಿಟ್ಟು ಬೋರ್ಡು ಬರೆಸಿದ್ದ. ಹಣೆಯ ಮೇಲೆ ತಪ್ಪದೆ ಮೂರು ಬೆರಳಿನ ವಿಭೂತಿ. ಸಿಟ್ಟಿನಲ್ಲಿ ದನಿ ಏರಿಸಿದ್ದನ್ನು ಕಂಡವರಿಲ್ಲ. ಗುಂಜಹಳ್ಳಿಯ ಕುರಿಗಾರರ ಮನೆಯ ಸಿದ್ರಾಮ ಆರು ವರ್ಷದಿಂದ ಅವನಿಗೆ ರಕ್ತ ತಂದುಕೊಡುತ್ತಿದ್ದ. ಬೆಳಿಗ್ಗೆ ಬೈಕ್ ಹತ್ತಿದರೆ ದೇವದುರ್ಗ, ಅಲ್ಲಿಂದ ಸಿರವಾರದ ಮೇಲೆ ಮಾನ್ವಿ, ತಿರುಗಿ ಬರುವಾಗ ಕುರ್ಡಿ. ಒಂದೊಂದು ಕಡೆ ರಕ್ತದ ಕೊಳವೆಗಳನ್ನು ಐಸ್ ಪೆಟ್ಟಿಗೆಗೆ ಹಾಕಿಕೊಂಡು ಮಧ್ಯಾಹ್ನ ಎರಡಕ್ಕೆ ರಾಯಚೂರು ಮುಟ್ಟುತ್ತಿದ್ದ.

"ದೇವದುರ್ಗದ ಡಾಕ್ಟ್ರು ಫೋನ್ ಮಾಡಿದ್ರು," ಎಂದ ಉದಯಕುಮಾರ. "ಪೇಶಂಟ್ ನೋಡಿದ್ರ ಒಂದ್ ನಮೂನಿ, ನಮ್ಮ ರಿಪೋರ್ಟ್ ನೋಡಿದ್ರ ಒಂದ್ ನಮೂನಿ ಅಂತ. ನಿನ್ನ ಗಾಡಿ ಕುಣಿತದ ಸಿದ್ರಾಮ. ಒಳಗ ರಕ್ತ ಒಡಿತದ. ನಾ ಏನಂತ ಜವಾಬ್ ಕೊಡ್ಲಿ?"

ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಹುಡುಗಿ ಐಶ್ವರ್ಯ ಒಂದು ಕೊಳವೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಗಿರಗಿರನೆ ತಿರುಗಿಸಿದ ಮೇಲೆ ಕೆಂಪು ಕೆಳಗಿಳಿದು ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲಬೇಕು. ಅದರಲ್ಲಿ ಮೇಲಿನ ನೀರೂ ಕೆಂಪಾಗಿತ್ತು. "ಕಣ ಒಡದ್ರ ಹಿಂಗ ಆಗ್ತದಣ್ಣ," ಎಂದಳು. ಅವನ ಮುಖ ನೋಡದೆಯೇ ಹೇಳಿದಳು. ಆಗ ಅವನು ಅದನ್ನು ಗಮನಿಸಲಿಲ್ಲ.

ಮಾತು ಸಿದ್ರಾಮನ ಎದೆಗೆ ನಾಟಿತು. ಯಾರೋ ಮುದುಕರು, ಬಸುರಿಯರು ಸೂಜಿ ಚುಚ್ಚಿಸಿಕೊಂಡು ಕೊಟ್ಟ ರಕ್ತ. ಕುರ್ಡಿಯ ಯಮನಮ್ಮ ಎಂಬ ಮುದುಕಿಯಂತೂ ಎರಡು ತಿಂಗಳಿಗೊಮ್ಮೆ ರಕ್ತ ಕೊಟ್ಟಾಗಲೆಲ್ಲ ಮಗ ಗದ್ದೆಪ್ಪನ ಕೈ ಹಿಡಿದು ರಸ್ತೆಯವರೆಗೆ ಬಂದು, "ಹುಷಾರಾಗಿ ಒಯ್ಯಪ್ಪಾ, ನನ್ನ ಮೈಯಾಗ ಅದು ಬಾಳ ಉಳಿದಿಲ್ಲ," ಎಂದು ನಗುತ್ತಿದ್ದಳು. ಅಂಥದ್ದನ್ನು ತನ್ನ ಗಾಡಿ ಹಾಳುಮಾಡುತ್ತಿದೆಯೆಂದರೆ ಏನು ಹೇಳುವುದು? ಹಳ್ಳಿಯ ರಸ್ತೆ ಹೋಗಲಿ, ರಾಯಚೂರು ಪೇಟೆಯೇ ಅದಕ್ಕಿಂತ ಕಡೆಯಾಗಿತ್ತು. ಒಳಚರಂಡಿಗೆಂದು ಅಗೆದರು, ಮುಚ್ಚಿದರು, ನೀರಿನ ಪೈಪಿಗೆಂದು ಮತ್ತೆ ಅಗೆದರು. ತೀನ್ ಕಂದೀಲ್ ದಾಟಿ ಗಂಜ್ ಮುಟ್ಟುವಷ್ಟರಲ್ಲಿ ಬೈಕಿನ ಹಿಂದಿನ ಪೆಟ್ಟಿಗೆ ನೂರು ಸಲ ಎಗರಿ ಬೀಳುತ್ತಿತ್ತು.

ಮರುದಿನವೇ ಅವನು ಪೀರಾ ಸಾಬ್‌ನ ಅಂಗಡಿಗೆ ಹೋದ. ನಲವತ್ತು ವರ್ಷದಿಂದ ಗಾಲಿ ಕಟ್ಟುವುದೊಂದನ್ನೇ ಮಾಡುತ್ತ ಬಂದ ಮುದುಕ. ಸಿದ್ರಾಮ ಹೇಳಿದ್ದನ್ನೆಲ್ಲ ಕೇಳಿ, ಬೈಕಿನ ಹಿಂಗಾಲಿಯನ್ನು ಬಿಚ್ಚಿ, ಅಚ್ಚಿನ ಎರಡು ತುದಿ ಹಿಡಿದು ಎತ್ತಲು ಹೇಳಿದ.

"ಎಷ್ಟ್ ಭಾರ ಐತಿ ನೋಡು. ಗುಂಡಿಗೆ ಬಿದ್ದಾಗ ಇಷ್ಟೂ ಭಾರ ಮ್ಯಾಲ ಎಗರತೈತಿ, ನಿನ್ನ ಪೆಟಿಗಿಗೆ ಗುದ್ದತೈತಿ. ಶಾಕಪ್ ಎಷ್ಟಂತ ತಡಿತೈತಿ ಬೇಟಾ? ಹಗುರ ಗಾಲಿ ಇದ್ರ ಗುಂಡ್ಯಾಗ ಇಳದು ಸುಮ್ನ ಎದ್ದು ಬರತೈತಿ. ಭಾರದ್ದು ರಸ್ತೆ ಜೋಡಿ ಜಗಳಾ ಮಾಡತೈತಿ."

ಗೋಡೆಗೆ ತೂಗುಹಾಕಿದ್ದ ಕರಿಯ ಅಲಾಯ್ ಗಾಲಿಯ ಮೇಲೆ ಸಿದ್ರಾಮನ ಕಣ್ಣಿತ್ತು. ಅಂಚಿಗೆ ಕೆಂಪು ಪಟ್ಟಿ, ಐದೇ ಕಡ್ಡಿ, ಕೈಗೆತ್ತಿಕೊಂಡರೆ ನಿಜಕ್ಕೂ ಹಗುರ. ಪೀರಾ ಸಾಬ್ ಅದನ್ನು ಕಿತ್ತುಕೊಂಡು ಪಕ್ಕಕ್ಕಿಟ್ಟ.

"ಹೈದರಾಬಾದಿನ ಮಾಲು. ಹೆಸರಿಲ್ಲ, ದಿಕ್ಕಿಲ್ಲ. ನುಣ್ಣಗಿನ ರೋಡಿಗೆ ಶಾದಿ ಕುದುರಿ ಇದ್ದಂಗ. ನಮ್ಮ ಪ್ಯಾಟ್ಯಾಗ ಒಂದು ತಿಂಗಳಿಗೆ ಸೀಳತೈತಿ, ಕೂದಲೆಳಿಯಷ್ಟು ಸೀಳು, ಕಣ್ಣಿಗೆ ಕಾಣಂಗಿಲ್ಲ. ಒಂದಿನ ಓಡೋವಾಗ ಎರಡು ಹೋಳು."

"ಹಂಗಾದ್ರ ಕಂಪನಿದು ಗಟ್ಟಿ ಅಲಾಯ್?"

"ಗಟ್ಟಿ ಇರತೈತಿ, ನಿನ್ನ ಹಳೇದಕ್ಕಿಂತ ಭಾರನೂ ಇರತೈತಿ. ನಿನಗ ಬೇಕಾಗಿದ್ದು ಇದು." ಮೂಲೆಯಿಂದ ಅಲ್ಯೂಮಿನಿಯಮ್ಮಿನ ಎರಡು ಬರಿಯ ಬಳೆಗಳನ್ನು, ಕಡ್ಡಿಯಿಲ್ಲದ ರಿಮ್ಮುಗಳನ್ನು, ತೆಗೆದ. "ನಿನ್ನ ಹಳೇ ಹಬ್ಬು, ಈ ಬಳಿ, ಒಂದಕ್ಕ ಮೂವತ್ತಾರು ಕಡ್ಡಿ. ಕಡ್ಡಿ ಗಾಲಿ ಬಾಗತೈತಿ, ಮುರಿಯಂಗಿಲ್ಲ. ತಿಂಗಳಿಗೊಮ್ಮಿ ನನ್ನ ಕಡಿ ತರಬೇಕು, ಅಷ್ಟ."

ಸಿದ್ರಾಮನ ಬಳಿ ಒಂದು ಟಗರಿತ್ತು. ತಾಯಿ ಸತ್ತ ಮರಿಯಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಅವನ ಬೈಕಿನ ಸದ್ದು ಕೇಳಿದರೆ ಹಗ್ಗ ಜಗ್ಗುತ್ತಿತ್ತು. ಗಾಲಿಯ ದುಡ್ಡಿಗೆ ಅದನ್ನು ಮಾರಲು ಹೊರಟಾಗ ಹೆಂಡತಿ ಯಶೋದಾ, "ಲ್ಯಾಬು ಅವರ್ದು, ರಕ್ತ ಮಂದೀದು, ನಿಮ್ಮ ಟಗರು ಯಾಕ್ರಿ ಹೋಗಬೇಕು?" ಎಂದು ಕೇಳಿದಳು. ಅವನು ಸಂತೆಯಲ್ಲಿ ಕೊಂಡವನ ಕೈಗೆ ಹಗ್ಗ ಕೊಟ್ಟು, ತಿರುಗಿ ನೋಡದೆ ಬಂದ.

ಪೀರಾ ಸಾಬ್ ಇಡೀ ದಿನ ಕೂತು ಎರಡು ಗಾಲಿ ಕಟ್ಟಿದ. ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿ ನಾದ ಕೇಳಿ ಬಿಗಿ ಮಾಡಿದ. ಸಿದ್ರಾಮ ಮೊದಲ ಸಲ ಓಡಿಸಿದಾಗ ಹ್ಯಾಂಡಲ್ ಕೈಯಲ್ಲಿ ಅದುರಲಿಲ್ಲ. ಆದರೂ ಅವನಿಗೆ ನಂಬಿಕೆ ಬರಲಿಲ್ಲ. ಅವನ ಅಪ್ಪ ಗುಂಜಹಳ್ಳಿಯಿಂದ ಸೈಕಲ್ ಮೇಲೆ ಕ್ಯಾನಿನಲ್ಲಿ ಹಾಲು ತರುತ್ತಿದ್ದಾಗ ರಾಯಚೂರು ಮುಟ್ಟುವಷ್ಟರಲ್ಲಿ ಮೇಲೆ ಬೆಣ್ಣೆಯ ಕಣಗಳು ತೇಲುತ್ತಿದ್ದವು. ಅದು ನೆನಪಾಗಿ, ಒಂದು ಬಾಟಲಿ ಹಸಿ ಹಾಲನ್ನು ಪೆಟ್ಟಿಗೆಯಲ್ಲಿಟ್ಟು ದೇವದುರ್ಗದಿಂದ ಗಂಜ್‌ವರೆಗೆ ಇಡೀ ದಾರಿ ತಂದ. ಮುಚ್ಚಳ ತೆಗೆದು ನೋಡಿದ. ಹಾಲು ಹಾಲಾಗಿಯೇ ಇತ್ತು. ಅವನು ರಸ್ತೆಯಲ್ಲೇ ನಿಂತು ಒಬ್ಬನೇ ನಕ್ಕ.

ಆಮೇಲೆ ಮೂರು ತಿಂಗಳು ಅವನು ತಲೆ ಎತ್ತಿ ನಡೆದ. ಐಶ್ವರ್ಯಳನ್ನು ಕೇಳಿ ಕೇಳಿ ಕೊಳವೆ ನೋಡುತ್ತಿದ್ದ. ತಿಳಿ ಜೇನಿನಂತೆ ನಿಂತಿರುತ್ತಿತ್ತು. "ಚಲೋ ಬಂದದಣ್ಣ," ಎನ್ನುತ್ತಿದ್ದಳು. ಉದಯಕುಮಾರ ಬೆನ್ನು ತಟ್ಟಿದ. ಬೇರೆ ಲ್ಯಾಬಿನ ಮೂವರು ಬೈಕಿನವರು ಇವನ ಮಾತು ಕೇಳಿ ಪೀರಾ ಸಾಬ್ ಬಳಿ ಅದೇ ಗಾಲಿ ಕಟ್ಟಿಸಿಕೊಂಡರು.

ಶ್ರಾವಣದ ಒಂದು ಮಂಗಳವಾರ ಎಂದಿನಂತೆ ಎರಡಕ್ಕೆ ಕೊಳವೆಗಳನ್ನು ಲ್ಯಾಬಿಗೆ ಕೊಟ್ಟು ಊರಿಗೆ ಹೋದ. ಪೆಟ್ಟಿಗೆ ತೊಳೆಯಲೆಂದು ಐಸಿನ ಚೀಲ ಎತ್ತಿದರೆ ಅಡಿಯಲ್ಲಿ ಒಂದು ಕೊಳವೆ ಉಳಿದುಬಿಟ್ಟಿತ್ತು. ಚೀಟಿಯ ಮೇಲೆ ಯಮನಮ್ಮ, ಕುರ್ಡಿ ಎಂದಿತ್ತು. ಬಡಿಸಿಟ್ಟ ಊಟ ಬಿಟ್ಟು, ಕೊಳವೆಯನ್ನು ಮತ್ತೆ ಐಸಿನಲ್ಲಿಟ್ಟು, ನಾಲ್ಕು ಗಂಟೆಗೆ ಗಂಜ್ ಮುಟ್ಟಿದ.

ಉದಯಕುಮಾರ ಇರಲಿಲ್ಲ. ಐಶ್ವರ್ಯ ಒಳಗೆ ಯಾರೊಡನೆಯೋ ಫೋನಿನಲ್ಲಿದ್ದಳು. ಕೌಂಟರಿನ ಮೇಲೆ ಸಂಜೆ ಕಳಿಸುವ ರಿಪೋರ್ಟುಗಳು ಸಾಲಾಗಿ ಬಿದ್ದಿದ್ದವು. ಮೇಲಿನಿಂದ ಮೂರನೆಯದರಲ್ಲಿ ಯಮನಮ್ಮ, ಕುರ್ಡಿ ಎಂದಿತ್ತು. ಕಿಡ್ನಿಯ ಸಾಲು, ಉಪ್ಪಿನ ಸಾಲು ಎಲ್ಲ ತುಂಬಿತ್ತು. ಎಲ್ಲ ಸರಿ ಇದೆ ಎಂದು ಕೆಳಗೆ ಸಹಿಯೂ ಇತ್ತು.

ಸಿದ್ರಾಮ ಕೈಯಲ್ಲಿದ್ದ ಕೊಳವೆಯನ್ನು ನೋಡಿದ. ಕಾಗದ ನೋಡಿದ. ಮತ್ತೆ ಕೊಳವೆ ನೋಡಿದ. ಐಶ್ವರ್ಯ ಹೊರಬಂದವಳು ಅವನ ಕೈ ಕಂಡು ನಿಂತುಬಿಟ್ಟಳು.

"ರಕ್ತ ನನ್ನ ಕಡಿ ಅದ," ಎಂದ ಅವನು. "ಇದ್ಯಾರ ರಕ್ತ ನೋಡಿ ಬರದಿ?"

ಅವಳು ಬಾಗಿಲು ಹಾಕಿ ಬಂದು ಕುರ್ಚಿಯ ಮೇಲೆ ಕುಳಿತಳು. "ಸಕ್ರಿ ನೋಡ್ತೀನಿ, ರಕ್ತ ಎಷ್ಟದ ನೋಡ್ತೀನಿ, ಅಷ್ಟ ನಿಜ. ಕಿಡ್ನಿ ನೋಡೋ ಮಿಷನ್ ಕೆಟ್ಟದಣ್ಣ. ರಿಪೇರಿ ಮಾಡಸ್ರಿ ಅಂತ ಹೇಳಿ ಹೇಳಿ ಸಾಕಾತು. ಅಲ್ಲೀತನಕಾ ಹೋದ ಸಲದ್ದು ನೋಡಿ ಸ್ವಲ್ಪ ಆಕಡಿ ಈಕಡಿ ಮಾಡಿ ಹಾಕು ಅಂದಾರ."

"ಯಾವಾಗಿಂದ?"

ಅವಳು ಕೌಂಟರಿನ ರಿಪೋರ್ಟುಗಳನ್ನು ಜೋಡಿಸತೊಡಗಿದಳು.

"ನಾ ಗಾಲಿ ಹಾಕ್ಸೋದಕ್ಕ ಮೊದಲ ಕೆಟ್ಟಿತ್ತಾ, ಆಮ್ಯಾಲ ಕೆಡ್ತಾ? ಅಷ್ಟ ಹೇಳು."

"ಮೊದಲ," ಎಂದು ಅವಳು ಅಳತೊಡಗಿದಳು. "ಡಾಕ್ಟ್ರಿಗೆ ಏನರ ಹೇಳಬೇಕಿತ್ತಲ್ಲಣ್ಣ. ಆ ಕೆಂಪು ಟ್ಯೂಬ್ ಖರೇನ ಒಡದಿತ್ತು. ಆದ್ರ ಒಡೀಲಿ ಬಿಡ್ಲಿ, ನೋಡೋ ಮಿಷನ್ನ ಇರಲಿಲ್ಲ."

ಸಿದ್ರಾಮ ಕೊಳವೆಯನ್ನು ಕೌಂಟರ್ ಮೇಲಿಟ್ಟ. ಅದು ಉರುಳಿ ಬೀಳುತ್ತದೆಂದು ಮತ್ತೆ ಎತ್ತಿಕೊಂಡ. ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗುಂಡಿ ಕಂಡಲ್ಲೆಲ್ಲ ಉಸಿರು ಹಿಡಿದು ದಾಟಿಸಿದ ಆ ಮೂರು ತಿಂಗಳು ಒಟ್ಟಿಗೇ ಕಣ್ಣ ಮುಂದೆ ಬಂದವು. ರಿಪೋರ್ಟಿನ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊರಟ.

ಅವನು ನೇರವಾಗಿ ಕುರ್ಡಿಗೆ ಹೋದ. ಗದ್ದೆಪ್ಪ ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ. ಸಿದ್ರಾಮ ಕೊಳವೆ, ಹಾಳೆ ಎರಡನ್ನೂ ತೋರಿಸಿ ನಡೆದದ್ದನ್ನೆಲ್ಲ ಹೇಳಿದ. "ಈ ಕಾಗದ ಸುಳ್ಳು. ಅವ್ವನ್ನ ದೊಡ್ಡಾಸ್ಪತ್ರಿಗೆ ಕರ್ಕೊಂಡ್ ಹೋಗು. ನಾಳಿ ಅನ್ನಬ್ಯಾಡ." ಹೊರಸಿನ ಮೇಲೆ ಮಲಗಿದ್ದ ಯಮನಮ್ಮನ ಕಾಲು ಊದಿಕೊಂಡಿದ್ದವು. ಗದ್ದೆಪ್ಪನ ಮುಖ ಕಪ್ಪಾಯಿತು. "ಬೆಳಿಗ್ಗೆ ಆ ಲ್ಯಾಬಿಗೇ ಬರ್ತೀನಿ. ನೀನೂ ಇರಬೇಕು," ಎಂದ.

ಬೆಳಿಗ್ಗೆ ಇಬ್ಬರೂ ಹೋದರು. ಗದ್ದೆಪ್ಪ ಕೂಗಾಡಿದ. ಉದಯಕುಮಾರ ಎದ್ದು ಬಂದು ಅವನನ್ನು ಕೂಡಿಸಿ ಚಹಾ ತರಿಸಿದ. ಹಾಳೆ ನೋಡಿ ನಿಟ್ಟುಸಿರು ಬಿಟ್ಟ. ಆಮೇಲೆ ಬಾಗಿಲ ಹೊರಗೆ ನಿಲ್ಲಿಸಿದ್ದ ಸಿದ್ರಾಮನ ಬೈಕನ್ನು ತೋರಿಸಿದ.

"ಗಾಲಿ ನೋಡ್ರಿ. ಕಂಪನಿ ಗಾಲಿ ಅಲ್ಲ ಅವು. ಶೋಕಿಗೆ ಹಗುರ ಗಾಲಿ ಹಾಕ್ಸ್ಯಾನ, ಗಾಡಿ ಪುಟಿತದ, ರಕ್ತ ಒಡಿತದ. ಒಡದ ರಕ್ತ ಮಿಷನ್ನಿಗೆ ಹಾಕಿದ್ರ ತಪ್ಪು ಬರ್ತದ. ಮ್ಯಾಲಿಂದ ಒಂದು ಟ್ಯೂಬ್ ಪೆಟಿಗ್ಯಾಗ ಮರತಾನ. ನಿನ್ನೆ ನಾವು ನೋಡಿದ್ದು ನಿಮ್ಮ ತಾಯಿದ ಇನ್ನೊಂದು ಟ್ಯೂಬು. ತನ್ನ ತಪ್ಪು ಮುಚ್ಕೊಳಾಕ ನಿಮ್ಮ ಮನಿಗೆ ಓಡಿ ಬಂದಾನ."

"ಸುಳ್ಳು!" ಎಂದ ಸಿದ್ರಾಮ. "ಮಿಷನ್ ಕೆಟ್ಟು ತಿಂಗಳುಗಟ್ಲೆ ಆತು. ಐಶ್ವರ್ಯ, ಹೇಳವ್ವಾ."

ಐಶ್ವರ್ಯ ಕೊಳವೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಕೈ ನಿಂತಿತು. "ನನಗೇನೂ ಗೊತ್ತಿಲ್ಲ," ಎಂದು ಮತ್ತೆ ಅಂಟಿಸತೊಡಗಿದಳು.

ಉದಯಕುಮಾರ ಗದ್ದೆಪ್ಪನ ಹೆಗಲ ಮೇಲೆ ಕೈಯಿಟ್ಟ. "ಹುಡುಗ ನಮ್ಮವನ, ತಪ್ಪು ನನ್ನ ಮ್ಯಾಲ ಬರಲಿ. ನಿಮ್ಮ ತಾಯಿ ರಕ್ತ ಮತ್ತ ತೆಗಸ್ತೀನಿ. ನನ್ನ ಕಾರಿನ್ಯಾಗ ತರಸ್ತೀನಿ. ಒಂದು ಪೈಸೆ ಬ್ಯಾಡ."

ಹಾಗೆಯೇ ಮಾಡಿದ. ಕಾರು ಕುರ್ಡಿಗೆ ಹೋಯಿತು. ಬಂದ ರಕ್ತವನ್ನು ಸದ್ದಿಲ್ಲದೆ ಬೇರೊಂದು ಲ್ಯಾಬಿಗೆ ಕಳಿಸಿ, ನಿಜವಾದ ಅಂಕಿಗಳನ್ನು ತನ್ನ ಹಾಳೆಯ ಮೇಲೆ ಇಳಿಸಿಕೊಟ್ಟ. ಕಿಡ್ನಿ ಎರಡೂ ಸೋತಿದ್ದವು. ಡಾಕ್ಟರಿಗೆ ತಾನೇ ಫೋನ್ ಮಾಡಿದ, ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದ. ಇನ್ನೊಂದು ವಾರ ತಡವಾಗಿದ್ದರೆ ಮುದುಕಿ ಉಳಿಯುತ್ತಿರಲಿಲ್ಲ ಎಂದು ಅಲ್ಲಿ ಹೇಳಿದರಂತೆ. ಕುರ್ಡಿಯ ಮಂದಿಗೆಲ್ಲ ಗದ್ದೆಪ್ಪ ಹೇಳಿಕೊಂಡು ಬಂದದ್ದು ಒಂದೇ ಮಾತು: ಉದಯಕುಮಾರ ಸಾಹುಕಾರ ನಮ್ಮವ್ವನ ಜೀವ ಉಳಿಸಿದರು.

ಸಿದ್ರಾಮನ ಕೆಲಸ ಅಂದೇ ಹೋಗಿತ್ತು. ಅವನು ದೇವದುರ್ಗದ ಡಾಕ್ಟರ ಬಳಿಗೂ ಹೋದ. ಅವರು ಕೇಳಿಸಿಕೊಂಡು, "ಪ್ರೂಫ್ ಏನದ?" ಎಂದರು. ಹಾಳೆ, ಕೊಳವೆ ಎರಡೂ ಗದ್ದೆಪ್ಪನ ಬಳಿ ಉಳಿದಿದ್ದವು. ಐಶ್ವರ್ಯಳ ಮನೆಗೆ ಹೋದರೆ ಅವಳ ತಾಯಿ ಬಾಗಿಲಲ್ಲೇ ನಿಂತು, "ಅಕಿ ದುಡಿಮಿ ಮ್ಯಾಲ ಮನಿ ನಡಿತದಪ್ಪ, ಅಕಿ ತಂಟಿಗೆ ಬರಬ್ಯಾಡ," ಎಂದು ಕೈ ಮುಗಿದಳು. ಅವನು ಬೈಕ್ ತಿರುಗಿಸಿಕೊಂಡ.

ಪೀರಾ ಸಾಬ್‌ನ ಅಂಗಡಿಗೆ ಹೋದಾಗ ಮುದುಕ ಕೈಯಲ್ಲಿದ್ದ ಗಾಲಿ ಕೆಳಗಿಟ್ಟ. ಮೂಲೆಯಲ್ಲಿ ಅಲ್ಯೂಮಿನಿಯಮ್ಮಿನ ಆರು ಬಳೆಗಳು ಒಂದರ ಮೇಲೊಂದು ಬಿದ್ದಿದ್ದವು.

"ಅವ್ರು ಮೂರೂ ಮಂದಿ ಬಿಚ್ಚಿಸಿಕೊಂಡು ಹೋದ್ರು ಬೇಟಾ. ಹಗುರ ಗಾಲಿ ರಕ್ತ ಒಡಿತಾವಂತ. ನಾ ಹೇಳಿದ್ದು ಯಾರೂ ಕೇಳಲಿಲ್ಲ." ಕೈಯೊರೆಸಿಕೊಳ್ಳುತ್ತ ಕೇಳಿದ: "ನಿಂದೂ ಬಿಚ್ಚಲೇನು?"

"ಬ್ಯಾಡ," ಎಂದ ಸಿದ್ರಾಮ. ಹಠವೋ, ಬೇಸರವೋ, ಅವನಿಗೇ ತಿಳಿಯಲಿಲ್ಲ.

ದಸರೆಗೆ ಉದಯಕುಮಾರನ ಲ್ಯಾಬಿಗೆ ಹೊಸ ಮಿಷನ್ ಬಂತು. ಪೂಜೆಗೆ ಗದ್ದೆಪ್ಪ ಹಾರ ತಂದಿದ್ದನಂತೆ. ಅಷ್ಟರಲ್ಲಿ ಸಿದ್ರಾಮನಿಗೆ ಮನೆಮನೆಗೆ ಪಾರ್ಸಲ್ ಮುಟ್ಟಿಸುವ ಕೆಲಸ ಸಿಕ್ಕಿತ್ತು. ಸೀರೆ, ಚಪ್ಪಲಿ, ಫೋನಿನ ಕವರು. ಎತ್ತಿ ಒಗೆದರೂ ಏನೂ ಆಗದ ಸಾಮಾನು. ಹಳೆಯ ಚಾಳಿಗೆ ಅವನು ಈಗಲೂ ಗುಂಡಿ ಕಂಡರೆ ವೇಗ ಇಳಿಸುತ್ತಿದ್ದ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಬೈದು ಹೋಗುತ್ತಿದ್ದರು.

ಒಂದು ದಿನ ಕುರ್ಡಿಯ ಪಾರ್ಸಲ್ ಬಂತು. ಮೇಲೆ ಗದ್ದೆಪ್ಪನ ಹೆಸರು. ಅವನು ಮನೆ ಮುಂದೆ ನಿಂತು ಕರೆದ. ಗದ್ದೆಪ್ಪ ಬಂದ, ಬೈಕಿನ ಗಾಲಿಯನ್ನೊಮ್ಮೆ ನೋಡಿದ, ಇವನ ಮುಖ ನೋಡಲಿಲ್ಲ. ಫೋನಿನ ಮೇಲೆ ಬೆರಳಿನಿಂದ ಸಹಿ ಗೀಚಿದ.

ಒಳಗಿನಿಂದ ಯಮನಮ್ಮನ ದನಿ ಕೇಳಿತು. ಬಹಳ ಸಣ್ಣಗಾಗಿತ್ತು. "ಯಾರಪ್ಪಾ ಬಂದಿದ್ದು?"

ಸಿದ್ರಾಮ ಬಾಯಿ ತೆರೆದ.

"ಯಾರಿಲ್ಲಬೇ," ಎಂದ ಗದ್ದೆಪ್ಪ ಬಾಗಿಲು ಮುಂದೆ ಮಾಡುತ್ತ. "ಪಾರ್ಸಲ್."